ದೊಡ್ಡ ಡಾಕ್ಟರು ಗೌರವ್ವನ ಹಾಸಿಗೆ ಎತ್ತಿಸಿದ್ದು

ಹೊಸದಾಗಿ ಬಿಳಿ ಅಂಗಿ ತೊಟ್ಟು ಮೂತ್ರರೋಗದ ವಾರ್ಡಿಗೆ ಬರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಎಂಥ ಕೆಲಸಕ್ಕೆ ಸೇರಿದ್ದೀರಿ ಎಂದು ನಿಮ್ಮ ಮನೆಯವರು ಓಣಿಯಲ್ಲಿ ಯಾರಿಗೂ ಹೇಳುವುದಿಲ್ಲ. ನಮ್ಮವ್ವ ಕಡೆಯ ತನಕ ತನ್ನ ಮಗ ಹೃದಯದ ವಿಭಾಗದಲ್ಲಿದ್ದಾನೆ ಎಂದೇ ಹೇಳಿಕೊಂಡು ತಿರುಗಿದಳು. ಅದರ ಫಲ ಏನಾಯಿತೆಂದರೆ, ಕೆಲಗೇರಿಯ ನಮ್ಮ ಓಣಿಯಲ್ಲಿ ಯಾರಿಗೆ ಎದೆ ಹಿಡಿದರೂ ನನ್ನ ಬಾಗಿಲು ಬಡಿಯುತ್ತಿದ್ದರು. ನಾನು ಗಂಭೀರವಾಗಿ ನಾಡಿ ಹಿಡಿದು, ಬೆನ್ನು ತಟ್ಟಿ, ಉಸಿರು ಎಳೆಸಿ, ಕೊನೆಗೆ ಅಭ್ಯಾಸಬಲದಿಂದ ಮೂತ್ರ ಸಲೀಸಾಗಿ ಹೋಗುತ್ತದೆಯೇ ಎಂದು ಕೇಳಿಬಿಡುತ್ತಿದ್ದೆ. ಓಣಿಯಲ್ಲಿ ನನ್ನ ಗೌರವ ಹೆಚ್ಚಿದ್ದೇ ಆಗ. ಎದೆಗೂ ಅದಕ್ಕೂ ಇರುವ ಸಂಬಂಧ ಬಲ್ಲ ಮನುಷ್ಯ ಹುಬ್ಬಳ್ಳಿ-ಧಾರವಾಡದಲ್ಲಿ ಇವನೊಬ್ಬನೇ ಎಂದು ಜನ ಮಾತಾಡಿಕೊಂಡರು.

ಗಂಡು ನರ್ಸುಗಳಿಗೆಲ್ಲ ಆಸ್ಪತ್ರೆಯಲ್ಲಿ ಬ್ರದರ್ ಎಂಬ ಒಂದೇ ಹೆಸರು. ನನ್ನ ಹೆಂಡತಿ ಒಮ್ಮೆ ಊಟದ ಡಬ್ಬಿ ಕೊಡಲು ಹುಬ್ಬಳ್ಳಿಗೆ ಬಂದವಳು, ವಾರ್ಡಿನ ತುಂಬ ಎಲ್ಲರೂ ಹಾಗೆ ಕರೆಯುವುದನ್ನು ಕೇಳಿ ಕೇಳಿ ತಾನೂ ಬಾಗಿಲಲ್ಲಿ ನಿಂತು "ಬ್ರದರ್" ಎಂದು ಕೂಗಿದಳು. ಮನೆಗೆ ಹೋದವಳೇ ದೇವರ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡಳಂತೆ. ಬಡ್ತಿಗಳ ವಿಷಯ ಬಿಡಿ. ಅವು ಬಂದವು, ಅಂಗಿಯ ಮೇಲಿನ ಪಟ್ಟಿ ಬದಲಾಯಿತು, ಕೆಲಸ ಬದಲಾಗಲಿಲ್ಲ. ನಾನು ನನ್ನ ಕಾಲದಲ್ಲಿ ಹಾಕಿ ತೆಗೆದ ಮೂತ್ರದ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದರೆ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟಿ, ತಿರುಗಿ ಉಣಕಲ್ ಕೆರೆಯ ತನಕ ಬಂದು, ಕೆರೆಗೆ ಒಂದು ಸುತ್ತು ಹಾಕಲು ಮಿಗುತ್ತವೆ. ಅಳೆದು ನೋಡಿದವರಿಲ್ಲ. ಅನುಮಾನ ಇದ್ದವರು ಅಳೆಯಬಹುದು.

ಮೂತ್ರನಾಳ ಕಟ್ಟಿಕೊಂಡ ಗಂಡಸರಿಗೆ ನಾನು ಸೇರಿದ ಕಾಲದಲ್ಲಿ ಇದ್ದ ಮದ್ದು ಉಕ್ಕಿನ ಸಲಾಕೆ. ಸಣ್ಣದರಿಂದ ಶುರುಮಾಡಿ ದಪ್ಪದ ತನಕ ಒಂದೊಂದಾಗಿ ಹಾಯಿಸಿ ದಾರಿ ಬಿಡಿಸಬೇಕು. ದಾರಿ ಕೆಲವು ವಾರ ಇರುತ್ತಿತ್ತು, ಮತ್ತೆ ಮುಚ್ಚುತ್ತಿತ್ತು, ಮತ್ತೆ ಸಲಾಕೆ. ಆ ರೋಗಿಗಳು ನನ್ನನ್ನು ದುರ್ಗದಬೈಲಿನ ಸಂತೆಯಲ್ಲಿ ಕಂಡರೆ ಕಾಯಿಪಲ್ಯೆ ಚೀಲ ಅಲ್ಲೇ ಬಿಟ್ಟು ಓಡುತ್ತಿದ್ದರು. ಆಮೇಲೆ ಮೂತ್ರನಾಳವನ್ನೇ ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆ ನಮ್ಮಲ್ಲಿಗೂ ಬಂತು. ಕೆಟ್ಟ ತುಂಡು ಕತ್ತರಿಸಿ ಎರಡು ತುದಿ ಜೋಡಿಸುವುದು, ಇಲ್ಲವೇ ಬಾಯೊಳಗಿಂದ ಗಲ್ಲದ ತೆಳು ಪದರ ತೆಗೆದು ಕೆಳಗೆ ತೇಪೆ ಹಾಕುವುದು. ನಮ್ಮ ದೊಡ್ಡ ಡಾಕ್ಟರ ಕೈ ಈ ಕೆಲಸದಲ್ಲಿ ಬಂಗಾರ. ಅವರ ಹೊಲಿಗೆ ನೋಡಿದರೆ ಇಳಕಲ್ ಸೀರೆಗೆ ಕಸೂತಿ ಹಾಕುವ ಹೆಂಗಸರು ಸೂಜಿ ಕೆಳಗಿಟ್ಟು ಮನೆಗೆ ಹೋಗಬೇಕು.

ಆದರೆ ಅವರಿಗೊಂದು ಐಬಿತ್ತು. ಈ ರೋಗಿಗಳೆಲ್ಲ ಮನಸ್ಸಿನಲ್ಲಿ ಎರಡು ಪ್ರಶ್ನೆ ಇಟ್ಟುಕೊಂಡು ಬರುತ್ತಾರೆ. ಮೂತ್ರ ಸರಿಯಾಗಿ ಹೋಗುತ್ತದೆಯೇ ಎಂಬುದನ್ನು ಬಾಯಿಬಿಟ್ಟು ಕೇಳುತ್ತಾರೆ. ಹೆಂಡತಿಯ ಜೊತೆ ಮೊದಲಿನ ಹಾಗೆ ಇರಬಹುದೇ ಎಂಬುದನ್ನು ಕೇಳುವುದಿಲ್ಲ, ಚಾದರ ಗದ್ದದ ತನಕ ಎಳೆದುಕೊಂಡು ಫ್ಯಾನು ನೋಡುತ್ತಾರೆ. ದೊಡ್ಡ ಡಾಕ್ಟರೂ ಕೇಳುತ್ತಿರಲಿಲ್ಲ, ಅವರೂ ಫ್ಯಾನು ನೋಡುತ್ತಿದ್ದರು. ಆ ಫ್ಯಾನಿಗೆ ಬಾಯಿ ಇದ್ದಿದ್ದರೆ ಅದು ಇಡೀ ಜಿಲ್ಲೆಗೆ ಸಲಹೆ ಕೊಡುತ್ತಿತ್ತು. ಮೂತ್ರದ ಧಾರೆ ಅಳೆಯುವ ಯಂತ್ರದ ಗೆರೆ ಮೇಲಕ್ಕೆ ಎದ್ದರೆ ಸಾಕು, ನಮ್ಮ ಡಾಕ್ಟರ ಮುಖ ಅರಳುತ್ತಿತ್ತು. ಉಣಕಲ್ ಕೆರೆ ಕೋಡಿ ಬಿದ್ದ ಹಾಗಿದೆ ಎಂದು ರೋಗಿಯ ಭುಜ ತಟ್ಟಿ ಕಳಿಸುತ್ತಿದ್ದರು. ರೋಗಿ ಬಾಗಿಲ ತನಕ ಹೋಗಿ ಒಂದು ಕ್ಷಣ ನಿಂತು, ಚಪ್ಪಲಿ ಹುಡುಕುವ ನೆಪ ಮಾಡಿ, ಹೊರಟುಹೋಗುತ್ತಿದ್ದ. ಆ ನಿಂತ ಕ್ಷಣದಲ್ಲಿ ಏನಿದೆ ಎಂದು ಗೊತ್ತುಮಾಡಿಕೊಳ್ಳಿ ಎಂದೇ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ಗಲ್ಲದ ತೇಪೆಯ ಮಾತು ಬಂದ ಮೇಲೆ ಖಾದರಸಾಬರನ್ನು ಬಿಡಲಾಗದು. ಹಳೇ ಹುಬ್ಬಳ್ಳಿಯಲ್ಲಿ ತಗಡಿನ ಟ್ರಂಕು ಮಾಡುವವರು, ಅರವತ್ತರ ಹತ್ತಿರದ ಮನುಷ್ಯ, ಮಾತಿನ ಮಲ್ಲ. ಗಲ್ಲದ ಪದರ ತೆಗೆದು ಕೆಳಗೆ ಹಾಕಿದ್ದೇವೆ ಎಂದು ತಿಳಿದ ದಿನದಿಂದ ಅವರು ಖಾರ ಬಿಟ್ಟರು. ಬಾಯಿಯ ಗಾಯ ವಾರದಲ್ಲಿ ಮಾಯ್ದರೂ ಮೊಸರನ್ನವೇ. ಯಾಕೆಂದು ಕೇಳಿದೆ.

"ಬ್ರದರ್, ಗಲ್ಲಕ್ಕ ಖಾರ ಗೊತ್ತಾಗ್ತದಲ್ರಿ. ಮ್ಯಾಲಿದ್ದಾಗ ಗೊತ್ತಾಗಿದ್ದು, ಕೆಳಗ ಹೋದ್ರ ಮರೀತದೇನ್ರಿ?"

ಈ ತರ್ಕಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರ ಇದೆ, ಆದರೆ ಕೇಳಿದವರ ಮುಖಕ್ಕೆ ಉತ್ತರ ಇಲ್ಲ. ನಾನು ಎಷ್ಟು ತಿಳಿಹೇಳಿದರೂ ಅವರು ಮನೆಗೆ ಹೋಗಿ ಮನೆಯವರಿಗೆಲ್ಲ ಸಪ್ಪೆ ಅಡುಗೆಯ ಕಾನೂನು ಮಾಡಿದರು. ಅವರ ಬೀಬಿಯ ಕೈಯ ಸಾರಿಗೆ ಓಣಿಯೆಲ್ಲ ಮೂಗು ಅರಳಿಸುತ್ತಿತ್ತು. ಆಕೆ ತಿಂಗಳುಗಟ್ಟಲೆ ಕಿಚಡಿ ಬೇಯಿಸಿದಳು, ಅಳಿಯಂದಿರು ಬರುವುದನ್ನು ಬಿಟ್ಟರು, ಬೆಕ್ಕು ಸಹ ಪಕ್ಕದ ಮನೆಗೆ ವಲಸೆ ಹೋಯಿತು. ಕೊನೆಗೆ ಒಂದು ಸಂಜೆ ಸಾಬರೇ ತಡೆಯಲಾರದೆ ಗಾಡಿಯೊಂದರ ಮುಂದೆ ನಿಂತು ಎರಡು ಮಿರ್ಚಿ ಭಜಿ ತಿಂದು, ಒಂದು ಮೂಲೆಯಲ್ಲಿ ಗೋಡೆ ಹಿಡಿದು ಬೆಂಕಿ ಬೀಳುವುದನ್ನು ಕಾದರಂತೆ. ಏನೂ ಆಗಲಿಲ್ಲ. ಮರುದಿನ ಇಡೀ ವಾರ್ಡಿಗೆ ಸಾಕಾಗುವಷ್ಟು ಮಿರ್ಚಿ ಕಟ್ಟಿಸಿಕೊಂಡು ಬಂದರು. ಹಂಚಿ ಮುಗಿಸಿ, ನನ್ನ ಕಿವಿಯ ಹತ್ತಿರ ಬಂದು, ಇನ್ನೊಂದು ವಿಷಯದಲ್ಲೂ ಮೊದಮೊದಲು ಸುಸ್ತಾಗಿದ್ದ ಹಳೆಯ ಗಿರಾಕಿ ಈಗ ಅಂಗಡಿಗೆ ತಿರುಗಿ ಬಂದಿದ್ದಾನೆ ಎಂದು ಹೇಳಿದರು. ಪಿಸುಮಾತು ಎಂದು ಅವರು ತಿಳಿದಿದ್ದರು. ತಗಡು ಬಡಿದು ಬಡಿದು ಕಿವಿ ಮಂದವಾದವರ ಪಿಸುಮಾತು ಅದು, ಕೆಳಗಿನ ಔಷಧದ ಅಂಗಡಿಯವರಿಗೂ ಕೇಳಿಸಿತು.

ವಾರ್ಡಿನ ಬಾಕಿ ಗಂಡಸರೆಲ್ಲ ನಕ್ಕರು. ಒಬ್ಬ ಮಾತ್ರ ಗೋಡೆಯ ಕಡೆ ಹೊರಳಿದ. ಅವನೇ ಅಮ್ಮಿನಬಾವಿಯ ಶಂಕ್ರಪ್ಪ.

ಶಂಕ್ರಪ್ಪ ಒಕ್ಕಲುತನದ ಹುಡುಗ, ಮೂವತ್ತರ ಆಸುಪಾಸು. ಲಗ್ನವಾಗಿ ವರ್ಷ ತುಂಬಿತ್ತು. ಹತ್ತಿ ಹೇರಿದ ಟ್ರೇಲರು ಮಗ್ಗುಲಾಗಿ ಅವನ ಸೊಂಟದ ಎಲುಬು ಮುರಿಯಿತು, ಒಳಗೆ ಮೂತ್ರನಾಳ ಹರಿಯಿತು. ಕೆಲವು ತಿಂಗಳು ಹೊಟ್ಟೆಗೆ ಹಾಕಿದ ಪೈಪಿನಲ್ಲೇ ದಿನ ದೂಡಿದ. ಎಲುಬು ಕೂಡಿದ ಮೇಲೆ ದೊಡ್ಡ ಡಾಕ್ಟರು ಹರಿದ ಎರಡು ತುದಿಗಳನ್ನು ಜೋಡಿಸಿದರು. ಆಪರೇಷನ್ನು ಎಷ್ಟು ಚೆನ್ನಾಗಿ ಆಯಿತೆಂದರೆ, ಡಾಕ್ಟರು ಆ ದಿನ ಚಹಾಕ್ಕೆ ಸಕ್ಕರೆ ಹಾಕಿಕೊಂಡರು. ಅವರು ಸಕ್ಕರೆ ಬಿಟ್ಟ ಮನುಷ್ಯ.

ಇಲ್ಲಿ ನಿಮಗೊಂದು ಕಸುಬಿನ ಮಾತು. ಪೈಪು ಹಾಕಿದ ಗಂಡಸರು ಬೆಳಗಿನ ಜಾವ ನೋವು ನೋವು ಎಂದು ಹಲ್ಲು ಕಚ್ಚುತ್ತಾರೆ. ಎಲ್ಲಿ ಎಂದರೆ ಹೇಳುವುದಿಲ್ಲ. ನಿದ್ದೆಯಲ್ಲಿ ಶರೀರ ತನ್ನ ಪಾಡಿಗೆ ತಾನು ಎಚ್ಚರಾಗುತ್ತದೆ, ಒಳಗಿನ ಪೈಪು ಜಗ್ಗುತ್ತದೆ, ಅದು ಆ ನೋವು. ಅದಕ್ಕೆ ಗುಳಿಗೆ ಇದೆ, ಕೊಡಿ. ಆದರೆ ಕೊಡುವಾಗ ಮುಖ ಸಿಂಡರಿಸಬೇಡಿ, ಅಭಿನಂದನೆ ಹೇಳಿ. ನಾನು ಹೇಳುತ್ತಿದ್ದೆ. ನೋವಿನಲ್ಲೂ ಅವರ ಮೀಸೆ ಒಂದು ಬೆರಳು ಮೇಲೇರುತ್ತಿತ್ತು. ಶಂಕ್ರಪ್ಪ ಒಂದು ದಿನವೂ ಆ ಗುಳಿಗೆ ಕೇಳಲಿಲ್ಲ. ಪಕ್ಕದ ಮಂಚದವರು ಕೇಳುವುದನ್ನು ನೋಡುತ್ತಿದ್ದ. ಖಾದರಸಾಬರ ಸಂತೋಷ ಅವನ ಪಾಲಿಗೆ ಬರೆಯಾಯಿತು. ಅರವತ್ತರ ಮುದುಕನಿಗೆ ತಿರುಗಿ ಬಂದದ್ದು ತನಗೆ ಬರಲಿಲ್ಲವಲ್ಲ ಎಂಬ ಲೆಕ್ಕ.

ಅವನ ಮನೆಯಲ್ಲಿ ಇದ್ದವರು ಇಬ್ಬರು. ತಾಯಿ ಗೌರವ್ವ, ಹೆಂಡತಿ ಶಿವಲೀಲಾ. ಗೌರವ್ವನ ನೇಮ ಎಂದರೆ ನೇಮ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವಳಲ್ಲ. ಹೊಲದ ಬಾವಿಯಲ್ಲಿ ನೀರು ಬೀಳಲಿ ಎಂದು ಮಠದ ಅಯ್ಯನವರ ಮುಂದೆ ಬದನೆಕಾಯಿ ತಿನ್ನುವುದನ್ನು ಬಿಟ್ಟಿದ್ದಳಂತೆ. ನೀರು ಬಿತ್ತು, ಬದನೆಯ ಹೊಲವೇ ಬೆಳೆಯಿತು, ಆದರೂ ಅಯ್ಯನವರು ಊರಿಗೆ ಬಂದು ತಮ್ಮ ಬಾಯಿಂದ ನೇಮ ಬಿಡಿಸುವ ತನಕ ಎಣ್ಣೆಗಾಯಿಯ ವಾಸನೆಗೂ ಮುಖ ತಿರುವಿದಳು. ಇದನ್ನು ಶಿವಲೀಲಾಳೇ ಕಾರಿಡಾರಿನಲ್ಲಿ ನಗುತ್ತ ಹೇಳಿದ್ದಳು. ಆಗಿನ್ನೂ ಅವಳು ನಗುತ್ತಿದ್ದಳು.

ರೋಗಿಯನ್ನು ಮನೆಗೆ ಕಳಿಸುವ ದಿನ ನಮ್ಮಲ್ಲೊಂದು ರೂಢಿ ಇತ್ತು. ಪಥ್ಯ ಹೇಳುವುದು ರೋಗಿಗಲ್ಲ, ಅವನ ಮನೆಯ ಹಿರಿಯ ಹೆಂಗಸಿಗೆ. ಒಲೆ ಆಕೆಯ ಕೈಯಲ್ಲಿ, ಹಾಸಿಗೆಯ ಗಂಟೂ ಆಕೆಯ ಕೈಯಲ್ಲಿ. ಹೆಂಡತಿ ಬಾಗಿಲ ಹೊರಗೆ ಸೆರಗು ಹೊದ್ದು ನಿಲ್ಲುತ್ತಾಳೆ. ದೊಡ್ಡ ಡಾಕ್ಟರು ಗೌರವ್ವನಿಗೆ ಎಲ್ಲ ಹೇಳಿದರು. ನೀರು ಬಹಳ ಕುಡಿಯಲಿ, ಭಾರ ಎತ್ತಬಾರದು, ಟ್ರ್ಯಾಕ್ಟರು, ಮೋಟರ್ ಸೈಕಲ್ಲು ಈಗಲೇ ಬೇಡ. ಆಮೇಲೆ ಫ್ಯಾನಿನ ಕಡೆ ತಿರುಗಿದರು.

"ಮತ್ತ... ಗಂಡ-ಹೆಂಡ್ತಿ ಬ್ಯಾರೆ ಬ್ಯಾರೆ ಮಲಗಲಿ, ಅವ್ವಾರ. ನಾ ಹೇಳೂತನಕ."

ಈ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಹೊಲಿಗೆ ಗಟ್ಟಿಯಾಗಲು ಕೆಲವು ವಾರ ಬೇಕು ಎಂಬುದು ಅದರ ಅರ್ಥ. ಉಳಿದ ಮನೆಗಳಲ್ಲಿ ಜನ ತಮ್ಮ ಬುದ್ಧಿಯಿಂದ ತಾವೇ ದಾರಿ ಮಾಡಿಕೊಳ್ಳುತ್ತಿದ್ದರು. ಗೇಟು ಹಾಕುವುದು ನಮ್ಮ ಕೆಲಸ, ತೆಗೆಯುವುದು ಯಾರ ಕೆಲಸ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಎದುರಿಗೆ ಕುಳಿತವಳು ಗೌರವ್ವ ಎಂಬುದು ಫ್ಯಾನು ನೋಡುತ್ತಿದ್ದ ಮನುಷ್ಯನಿಗೆ ಹೇಗೆ ಕಾಣಬೇಕು?

ಶಂಕ್ರಪ್ಪ ತಪಾಸಣೆಗೆ ಬರುತ್ತಿದ್ದ, ಹೋಗುತ್ತಿದ್ದ. ಧಾರೆಯ ಗೆರೆ ಪ್ರತಿ ಸಲವೂ ಗುಡ್ಡದಂತೆ ಏಳುತ್ತಿತ್ತು. ಡಾಕ್ಟರು ಭುಜ ತಟ್ಟುತ್ತಿದ್ದರು. ಅವನ ಮುಖ ಮಾತ್ರ ಸಲದಿಂದ ಸಲಕ್ಕೆ ಇಳಿಯುತ್ತಿತ್ತು. ಉಗಾದಿ ಹೋಯಿತು, ಮಳೆ ಶುರುವಾಯಿತು. ಶ್ರಾವಣ ಇನ್ನೇನು ಬಂತು ಎನ್ನುವಾಗ ಮೂವರೂ ಮತ್ತೆ ಬಂದರು. ಆ ದಿನ ನಾನು ಕಾರಿಡಾರಿನ ನಳದಲ್ಲಿ ನೀರು ಕುಡಿಯುತ್ತಿದ್ದಾಗ ಶಿವಲೀಲಾ ಹತ್ತಿರ ಬಂದಳು. ಡಾಕ್ಟರು ಏನೆಂದರು ಎಂದು ಕೇಳಿದಳು. ಎಲ್ಲ ಛಲೋ ಐತಿ ಅಂದಾರ ಎಂದೆ.

"ಎಲ್ಲಾ ಅಂದ್ರ ಏನೇನ್ರಿ, ಅಣ್ಣಾರ?"

ನನಗೆ ನೀರು ನೆತ್ತಿಗೇರಿತು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾವ ಗಂಡಸೂ ಕೇಳಿರಲಿಲ್ಲ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಆದರೆ ಕಣ್ಣು ತಗ್ಗಿಸದೆ, ಉಳಿದದ್ದನ್ನು ಹೇಳಿದಳು. ನಾಗರಪಂಚಮಿಗೆ ಅವಳನ್ನು ಕರೆದೊಯ್ಯಲು ತವರಿನಿಂದ ಅಣ್ಣ ಬರುತ್ತಾನೆ. ಹೋದವಳು ಈ ಮನೆಗೆ ತಿರುಗಿ ಬರುವುದು ಬೇಡ ಎಂದು ಗಂಡ ಹೇಳಿದ್ದಾನೆ. ಸಿಟ್ಟಿನಿಂದಲ್ಲ, ಕೈ ಮುಗಿದು ಹೇಳಿದ್ದಾನೆ. ತನ್ನಿಂದ ಸಂಸಾರ ಆಗುವುದಿಲ್ಲ, ನಿನ್ನ ವಯಸ್ಸು ಯಾಕೆ ಮಣ್ಣಾಗಬೇಕು, ಅಣ್ಣನಿಗೂ ನಾನೇ ಹೇಳುತ್ತೇನೆ ಎಂದಿದ್ದಾನೆ.

ಆಗುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಗೊತ್ತಾಗಾಕ ಒಂದ ಖೋಲ್ಯಾಗ ನಾವಿಬ್ರ ಇದ್ರ ಹೌದಲ್ರಿ. ನಡುವ ನಮ್ಮತ್ತಿ ಹಾಸಿಗಿ ಹಾಸ್ಕೊಂಡಾರ. ಆಸ್ಪತ್ರಿಯಿಂದ ಹೋದಾಗಿಂದ ಹಂಗ ಐತಿ."

ನಾನು ನಗಬಾರದು ಎಂದು ಗೋಡೆಯ ಕಡೆ ತಿರುಗಿದೆ. ಅಲ್ಲಿ ಕುಟುಂಬ ಯೋಜನೆಯ ಪೋಸ್ಟರ್ ಇತ್ತು. ಇಬ್ಬರ ನಡುವೆ ಮೂರನೆಯವರು ಬಾರದಂತೆ ತಡೆಯುವ ಬಗ್ಗೆ. ಅದನ್ನು ಓದಿದ ಮೇಲೆ ನಗು ತಡೆಯುವುದು ಇನ್ನೂ ಕಷ್ಟವಾಯಿತು. ಆದರೆ ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರಿತ್ತು. ಪಂಚಮಿಗೆ ವಾರವೂ ಉಳಿದಿರಲಿಲ್ಲ.

ಆ ವರ್ಷ, ಶಂಕ್ರಪ್ಪ ಮನೆಗೆ ಹೋದ ಮೇಲೆ, ನಮ್ಮಲ್ಲಿಗೆ ಒಬ್ಬ ಸಣ್ಣ ಮೇಡಂ ಬಂದಿದ್ದರು. ಶಸ್ತ್ರಚಿಕಿತ್ಸೆ ಕಲಿಯಲು ಬಂದ ಹೊಸ ಡಾಕ್ಟರು. ಗಂಡಸರ ವಾರ್ಡಿಗೆ ಹೆಣ್ಣು ಡಾಕ್ಟರು ಬಂದ ಮೊದಲ ದಿನ ಎಲ್ಲ ಚಾದರಗಳೂ ಒಟ್ಟಿಗೆ ಮೇಲೇರಿದವು, ಒಂದು ಕ್ಷಣ ಅದು ವಾರ್ಡೋ ಹತ್ತಿಯ ಗೋದಾಮೋ ತಿಳಿಯಲಿಲ್ಲ. ಆದರೆ ಆಕೆಗೆ ಫ್ಯಾನು ನೋಡುವ ಚಟ ಇರಲಿಲ್ಲ. ಆಪರೇಷನ್ನಿಗೆ ಮೊದಲೇ ಪರದೆ ಎಳೆದು ಕೇಳುತ್ತಿದ್ದರು: ಈಗ ಹೇಗಿದೆ, ಎಚ್ಚರಾಗುತ್ತದೆಯೇ, ಹೆಂಡತಿಯ ಜೊತೆ ಹೇಗಿದ್ದೀರಿ. ಮೊದಲು ಹೇಗಿತ್ತೆಂದು ತಿಳಿಯದೆ ಆಮೇಲೆ ಕೆಟ್ಟಿತೋ ಸುಧಾರಿಸಿತೋ ಹೇಗೆ ಹೇಳುವುದು ಎಂಬುದು ಅವರ ಮಾತು. ನಾನು ಅವರ ಬಳಿಗೇ ಓಡಿದೆ. ಶಂಕ್ರಪ್ಪನನ್ನು ಪರದೆಯ ಒಳಗೆ ಕೂರಿಸಿ, ನನ್ನನ್ನೂ ನಿಲ್ಲಿಸಿಕೊಂಡು, ಬೆಳಗಿನ ಜಾವ ಏನಾದರೂ ಎಚ್ಚರ ಕಾಣುತ್ತದೆಯೇ ಎಂದು ಅವರು ನೇರವಾಗಿ ಕೇಳಿದರು.

ಶಂಕ್ರಪ್ಪ ತನ್ನ ಎರಡೂ ಅಂಗೈಗಳನ್ನು ಹೊಸದಾಗಿ ಕಂಡವನಂತೆ ನೋಡಿದ. ಅವಕ್ಕೇ ಹೇಳುವಂತೆ ಹೇಳಿದ.

"ಒಮ್ಮೊಮ್ಮೆ... ಸ್ವಲ್ಪ ಇರತೈತ್ರಿ. ಅಷ್ಟರಾಗ ಅವ್ವ ಕೆಮ್ಮತಾಳ. ಹೋಗಿಬಿಡತೈತಿ. ವಾಯು ಇರಬೇಕಂತ ಸುಮ್ಮನಾದೆ."

ಮೇಡಂ ನಗಲಿಲ್ಲ. ನಾನು ಪರದೆಯ ಬಟ್ಟೆ ಬಾಯಿಗೆ ತುರುಕಿಕೊಂಡೆ. ಅವರು ಅವನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಅದು ವಾಯುವಲ್ಲ. ಅವನ ತೊಂದರೆ ಹೊಲಿಗೆಯಿಂದ ಬಂದದ್ದೂ ಅಲ್ಲ, ಎಲುಬು ಮುರಿದಾಗ ಪಕ್ಕದ ನರಗಳಿಗೆ ಬಿದ್ದ ಪೆಟ್ಟಿನಿಂದ ಬಂದದ್ದು. ನರ ಬಹಳ ಸೋಮಾರಿ ಜಾತಿ, ಏಳಲು ವರ್ಷ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಪೂರ್ತಿ ಬರುತ್ತದೆಂದು ಬರೆದುಕೊಡಲಾಗದು. ಆದರೆ ಸ್ವಲ್ಪ ಎಚ್ಚರ ಇದೆ ಎಂದರೆ ದಾರಿ ತೆರೆದಿದೆ ಎಂದೇ ಅರ್ಥ. ಗುಳಿಗೆ ಇದೆ, ಅದು ಸಾಲದಿದ್ದರೆ ಬೇರೆ ಉಪಾಯಗಳೂ ಇವೆ. ಕೊನೆಗೆ ಹೇಳಿದರು:

"ಒಬ್ಬರ ಕುಂತು ಬರಿಯೂ ಪರೀಕ್ಷಾ ಅಲ್ಲರಿ ಇದು, ಶಂಕ್ರಪ್ಪ. ನೀವು ಪರೀಕ್ಷಾಕ್ಕ ಕುಂಡ್ರದನ ನಪಾಸಂತ ಹೆಂಡ್ತಿಗೆ ಹೇಳಿಬಿಟ್ಟೀರಿ."

ಅವನು ತಲೆ ಎತ್ತಿದ. ನಂಬಿದ ಮುಖವಲ್ಲ, ನಂಬಬಹುದೇನೋ ಎಂಬ ಮುಖ. ಆದರೆ ಮನೆಯೊಳಗಿನ ಆ ಹಾಸಿಗೆ? ಅವ್ವನಿಗೆ ಹೇಗೆ ಹೇಳಲಿ ಎಂದ. ಮೇಡಂ ನಾನೇ ಹೇಳುತ್ತೇನೆ ಎಂದರೆ ಅವನು ಅವರ ಕಾಲು ಹಿಡಿಯುವುದೊಂದು ಬಾಕಿ. ಮಗಳ ವಯಸ್ಸಿನ ಹುಡುಗಿಯ ಬಾಯಿಂದ ಇಂಥ ಮಾತು ಕೇಳಿದರೆ ಅವ್ವ ಬಾವಿ ನೋಡಿಕೊಳ್ಳುತ್ತಾಳೆ ಎಂದ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಎದೆ ಉಬ್ಬಿಸಿದೆ. ಎಂತೆಂಥ ಗಂಡಸರ ಬಾಯಿ ಬಿಡಿಸಿದವನು ನಾನು, ಒಬ್ಬ ಮುದುಕಿ ಯಾವ ಲೆಕ್ಕ?

ಗೌರವ್ವನನ್ನು ಚಹಾದಂಗಡಿಗೆ ಕರೆದೊಯ್ದೆ. ಆಕೆ ಹೊರಗಿನ ಚಹಾ ಮುಟ್ಟುವವಳಲ್ಲ. ಆದ್ದರಿಂದ ಆಕೆಯ ಪಾಲಿನದನ್ನೂ ನಾನೇ ಕುಡಿದೆ. ಮಳೆಯಿಂದ ಶುರುಮಾಡಿದೆ. ಮಳೆಯಿಂದ ಬಿತ್ತನೆಗೆ, ಬಿತ್ತನೆಯಿಂದ ಎತ್ತುಗಳಿಗೆ ಬಂದೆ. ಕಾಲು ಉಳುಕಿದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಆರೈಕೆ ಮಾಡುತ್ತೇವೆ, ಸರಿ. ಆದರೆ ಕಾಲು ಕೂಡಿದ ಮೇಲೂ ಹಗ್ಗ ಬಿಚ್ಚದಿದ್ದರೆ ಎತ್ತು ತನಗೆ ನಡೆಯಲು ಬರುವುದಿಲ್ಲ ಎಂದೇ ತಿಳಿಯುತ್ತದೆ. ಹೀಗೆ ನಾನು ಆ ಎತ್ತನ್ನು ಅಮ್ಮಿನಬಾವಿಯಿಂದ ಹಿಡಿದು ಸವದತ್ತಿಯ ತನಕ ನಡೆಸಿದೆ. ಮಧ್ಯೆ ಅದಕ್ಕೆ ಎರಡು ಸಲ ನೀರು ಕುಡಿಸಿದೆ. ಗೌರವ್ವ ಪೂರ್ತಿ ಕೇಳಿಸಿಕೊಂಡಳು.

"ಮುಗೀತೇನಪಾ ನಿನ್ನ ಎತ್ತಿಂದು? ನನ್ನ ಹಾಸಿಗಿ ಮಾತ ಹೇಳಾಕ ಇಷ್ಟು ದೂರ ಹೋಗಿದ್ದಿ?"

ನನ್ನ ಕೈಯ ಚಹಾದ ಬಸಿ ಕೆಳಗೆ ಬಿತ್ತು. ಎರಡನೆಯ ಚಹಾ ಮೂಗಿನಿಂದ ಬಂತು ಎಂದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ. ಅಂಗಡಿಯವನನ್ನು ಕೇಳಿ.

"ನಾ ಏನ್ ಖುಷಿಲೆ ಮಲಗೇನಂತ ತಿಳದಿಯೇನು? ನೆಲದ ತಂಡಿಗೆ ಮೊಣಕಾಲು ಹಿಡದು ಹೋಗ್ಯಾವ. ಆ ಕೂಸಿನ ಮುಖ ನೋಡಾಕ ಆಗೂದಿಲ್ಲ ನನಗ. ನಿಮ್ಮ ದೊಡ್ಡ ಡಾಕ್ಟರು ನಾ ಹೇಳೂತನಕ ಅಂದ್ರು. ಪ್ರತಿ ಸಲ ಇವತ್ತ ಹೇಳ್ಯಾರು, ಇವತ್ತ ಹೇಳ್ಯಾರು ಅಂತ ಜೋಡಿ ಬರತೇನಿ. ಅವರು ಮಾತ ತಗ್ಯಾಂಗಿಲ್ಲ. ನಾನರ ಹೆಂಗ ಕೇಳಲಿ? ಮಗನ ಹೊಲಿಗಿ ಬಿಚ್ಚಿದ್ರ ಯಾರು ಹೊಣಿ?"

ಅಂದರೆ ನಾಲ್ಕೂ ಜನ ಕಾಯುತ್ತಿದ್ದರು. ಮಗ ಅವ್ವನ ಮುಂದೆ ಬಾಯಿ ಬಿಡದೆ, ಸೊಸೆ ಅತ್ತೆಯ ಮುಂದೆ ಬಾಯಿ ಬಿಡದೆ, ಅತ್ತೆ ಡಾಕ್ಟರ ಮುಂದೆ ಬಾಯಿ ಬಿಡದೆ, ಡಾಕ್ಟರು ಫ್ಯಾನಿನ ಮುಂದೆ. ಹಾಗಾದರೆ ಇನ್ನು ಎದ್ದುಬಿಡಿ, ನಾನೇ ಹೇಳುತ್ತಿದ್ದೇನಲ್ಲ ಎಂದೆ. ಆಕೆ ನನ್ನನ್ನು ಬದನೆಕಾಯಿಯ ಹಾಗೆ ನೋಡಿದಳು.

"ಹಾಕಿದವರ ಬಿಡಿಸಬೇಕು, ತಮ್ಮಾ. ನೀ ಯಾರು?"

ಇದಕ್ಕೆ ಮೇಲ್ಮನವಿ ಇರಲಿಲ್ಲ. ನಾನೂ ಮೇಡಮ್ಮೂ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ವಿಷಯ ಹೇಳಿದೆವು. ಪಂಚಮಿ, ಅಣ್ಣ, ತಿರುಗಿ ಬರಬೇಡ ಎಂದ ಮಾತು, ಎಲ್ಲವನ್ನೂ. ಕೇಳುತ್ತ ಕೇಳುತ್ತ ಅವರ ಮುಖ ಬೀಟ್‌ರೂಟಿನ ಪಲ್ಯವಾಯಿತು. ನೀವೇ ಹೇಳಿಬಿಡಿ, ನನ್ನ ಹೆಸರಿನಲ್ಲಿ ಹೇಳಿ ಎಂದರು. ಆಕೆ ಒಪ್ಪುವುದಿಲ್ಲ ಎಂದೆವು. ಒಂದು ಚೀಟಿ ಬರೆದುಕೊಡಲೇ ಎಂದರು. ಆಕೆಗೆ ಓದು ಬರುವುದಿಲ್ಲ, ಓದಿ ಹೇಳಬೇಕಾದವನು ಮಗನೇ ಎಂದೆ. ಡಾಕ್ಟರು ಕನ್ನಡಕ ಒರೆಸಿದರು. ಇನ್ನೊಮ್ಮೆ ಒರೆಸಿದರು. ಗಾಜು ಕರಗಿಹೋಗುವ ಮೊದಲು ಮೇಡಂ ಬಾಗಿಲು ತೆರೆದು ಮೂವರನ್ನೂ ಒಳಗೆ ಕರೆದರು. ಹೌದು, ಮೂವರನ್ನೂ. ಶಿವಲೀಲಾಳನ್ನೂ.

ಗೌರವ್ವ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, ಅಯ್ಯನವರ ಮುಂದೆ ಕುಳಿತಂತೆ ಕೈ ಜೋಡಿಸಿದಳು. ಡಾಕ್ಟರ ಕಣ್ಣು ಮೆಲ್ಲಗೆ ಮೇಲಕ್ಕೆ ಹೊರಟಿತು. ನಾನು ಅಷ್ಟರಲ್ಲಿ ಹೋಗಿ ಫ್ಯಾನಿನ ಬಟನ್ನು ಒತ್ತಿಬಿಟ್ಟಿದ್ದೆ. ನಿಂತ ಫ್ಯಾನಿನಲ್ಲಿ ನೋಡುವುದೇನಿರುತ್ತದೆ? ಕಣ್ಣು ಕೆಳಗಿಳಿದು ಮುದುಕಿಯ ಮೇಲೆ ನಿಂತಿತು. ಈ ಊರಿನ ಅರ್ಧ ಗಂಡಸರನ್ನು ಮೇಜಿನ ಮೇಲೆ ಮಲಗಿಸಿ ರಿಪೇರಿ ಮಾಡಿದ ಮನುಷ್ಯ, ಸಾಲಿಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಮಾತಾಡಿದರು.

"ಅವ್ವಾರ, ಹೊಲಿಗಿ ಗಟ್ಟಿ ಆಗೇತಿ. ಯಾವಾಗೋ ಆಗೇತಿ. ನಾ ಹೇಳಬೇಕಿತ್ತು, ಹೇಳಲಿಲ್ಲ. ಇನ್ನ ನೀವು ಬ್ಯಾರೆ ಖೋಲ್ಯಾಗ ಮಲಗ್ರಿ. ಅವರಿಬ್ರೂ... ಕೂಡಿ ಇರಲಿ. ಏನೂ ಕೆಡೂದಿಲ್ಲ. ಕೂಡಿ ಇದ್ರ ಛಲೋ ಆಗತೈತಿ."

ಗೌರವ್ವ ಎರಡೂ ಕೈ ಎತ್ತಿ ಮುಗಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಅಣ್ಣ ಬಂದರೆ ಪಂಚಮಿಯ ಉಂಡಿ ತಿನಿಸಿ ಕಳಿಸು, ಹಬ್ಬದ ಜೋಕಾಲಿ ಇಲ್ಲೇ ಕಟ್ಟಿದರಾಯಿತು, ಬೇಕಾದರೆ ಎರಡು ದಿನಕ್ಕೆ ಹೋಗಿ ಬಾ ಎಂದಳು. ಬಾ ಎಂಬುದನ್ನು ಒತ್ತಿ ಹೇಳಿದಳು. ಹೇಳುವಾಗ ನೋಡಿದ್ದು ಮಗನನ್ನು.

ಆವತ್ತಿನಿಂದ ನಮ್ಮ ವಾರ್ಡಿನ ರೂಢಿ ಬದಲಾಯಿತು. ಗೇಟು ಹಾಕುವ ಮಾತಿನ ಜೊತೆಗೇ ತೆಗೆಯುವ ದಿನವನ್ನೂ ಹೇಳುವುದು, ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳುವುದು, ಬಂದಾಗಲೆಲ್ಲ ಎರಡು ಪ್ರಶ್ನೆಯನ್ನೂ ಕೇಳುವುದು. ದೊಡ್ಡ ಡಾಕ್ಟರು ಕೇಳಲು ಕಲಿತರು. ಮೊದಮೊದಲು ಅವರ ಪ್ರಶ್ನೆ ಹೊರಬರುವುದು ನೋಡಿದರೆ ಅವರಿಗೇ ಒಂದು ಸಲಾಕೆ ಹಾಕಬೇಕೇನೋ ಅನ್ನಿಸುತ್ತಿತ್ತು. ಆಮೇಲೆ ಸಲೀಸಾಯಿತು. ಎಲ್ಲರ ಕಥೆಯೂ ಸಿಹಿಯಾಗಿ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಕೊರತೆ ಉಳಿಯುತ್ತದೆ, ಕೆಲವರಿಗೆ ಗುಳಿಗೆಯ ಊರುಗೋಲು ಬೇಕಾಗುತ್ತದೆ. ಆದರೆ ಕೇಳಿದ ಮೇಲೆ ಬಹಳ ಮಂದಿಗೆ ಏನಾದರೊಂದು ದಾರಿ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶ್ರಾವಣ ಮುಗಿದ ಮೇಲೆ ಶಂಕ್ರಪ್ಪ, ಶಿವಲೀಲಾ ಇಬ್ಬರೇ ಬಂದರು. ಧಾರೆಯ ಯಂತ್ರ ಗುಡ್ಡ ಬರೆಯಿತು. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಎರಡನೆಯದನ್ನು ಕೇಳಿದರು. ಶಂಕ್ರಪ್ಪ ತನ್ನ ಅಂಗೈ ನೋಡಿದ. ಶಿವಲೀಲಾಳೇ ಉತ್ತರ ಕೊಟ್ಟಳು.

"ಇನ್ನೂ ಪೂರಾ ಅಲ್ರಿ ಸರ. ಮೊದಲಗಿಂತ ಛಲೋ ಐತಿ. ನಮಗೇನ ಗಡಿಬಿಡಿ ಇಲ್ರಿ."

ಶಂಕ್ರಪ್ಪ ಅಂಗೈಯಿಂದ ಕಣ್ಣೆತ್ತಿದ.

"ನನಗ ಐತ್ರಿ."